ಚಿತ್ತಶಾಂತಿಯ ಕಲ್ಲು ಮತ್ತು ಕನ್ನಡದ ಎಚ್ಚರಿಕೆ

ಚಿಂತೆಯಿಂದ ನಿದ್ರೆಗೆಟ್ಟು ಎದೆ ಹೊಡೆದುಕೊಳ್ಳುವ ಮನುಷ್ಯನಿಗೆ ಭೂಗರ್ಭದಿಂದ ತೆಗೆದ ಕೆಂಪು ಕಲ್ಲೊಂದನ್ನು ನುಣ್ಣಗೆ ಅರೆದು ಕೊಡುವ ಪದ್ಧತಿ ಚೀನಾದೇಶದ ವೈದ್ಯದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅವರು ಝೂಶಾ ಎಂದು ಕರೆಯುವ ಆ ಖನಿಜವೇ ನಮ್ಮ ರಸಶಾಸ್ತ್ರದ ಹಿಂಗುಲ, ಕನ್ನಡದ ಇಂಗಳೀಕ. ಅವರ ಅತಿ ಪ್ರಾಚೀನ ದ್ರವ್ಯಗುಣಗ್ರಂಥವಾದ ಶೆನ್ನೋಂಗ್ ಬೆನ್‌ಚಾವೋ ಜಿಂಗ್ ಉತ್ತಮವರ್ಗದ ಔಷಧಗಳಲ್ಲಿ ಇದಕ್ಕೆ ಅಗ್ರಸ್ಥಾನವನ್ನಿತ್ತಿದೆ. ಹದಿಮೂರನೆಯ ಶತಮಾನದ ಲಿ ದೊಂಗ್ಯುವಾನ್ ಎಂಬ ವೈದ್ಯನ ಹೆಸರಿನೊಡನೆ ಪ್ರಸಿದ್ಧವಾದ ಚಿತ್ತಶಮನದ ಗುಳಿಗೆಗೆ ಇದೇ ಪ್ರಧಾನದ್ರವ್ಯ.

ದೂರದೇಶದ ಈ ಕಲ್ಲಿನ ವಿಚಾರ ಬೀದರ್ ಜಿಲ್ಲೆಯ ನಮ್ಮ ಚಿಟಗುಪ್ಪದವರಿಗೆ ಏತಕ್ಕೆಂದು ಕೇಳುವವರುಂಟು. ಮಳೆಯನ್ನು ನಂಬಿ ತೊಗರಿ, ಉದ್ದು, ಸೋಯಾಗಳನ್ನು ಬಿತ್ತುವ ನಮ್ಮ ಸೀಮೆಯಲ್ಲಿ, ಮುಗಿಲು ಕೈಕೊಟ್ಟ ವರ್ಷ ಸಾಲದ ಚಿಂತೆಯಿಂದ ರಾತ್ರಿಯೆಲ್ಲ ಕಣ್ಣು ಮುಚ್ಚದ ಗೃಹಸ್ಥರು ವಿರಳರಲ್ಲ. ಮನಸ್ಸಿನ ಬೇನೆಯನ್ನು ವೈದ್ಯನೆದುರು ಹೇಳಿಕೊಳ್ಳಲು ನಾಚಿದವನು ಮೊದಲು ಹೋಗುವುದು ಔಷಧದ ಅಂಗಡಿಗೇ. ಅಲ್ಲಿ ದೊರೆಯಬಲ್ಲ ರಸೌಷಧಗಳಲ್ಲಿ ಪಾದರಸ, ಗಂಧಕ, ಹರಿತಾಳ, ಮನಃಶಿಲೆ, ತಾಮ್ರಭಸ್ಮಗಳನ್ನು ಕೂಡಿಸಿ, ಬಜೆ, ಬ್ರಾಹ್ಮಿ ಮೊದಲಾದವುಗಳ ರಸದಲ್ಲಿ ಅರೆದು ಸಿದ್ಧಪಡಿಸುವ ಸ್ಮೃತಿಸಾಗರರಸವೂ ಒಂದು. ಅಪಸ್ಮಾರಾದಿ ಚಿತ್ತವಿಕಾರಗಳಿಗೆ ಅದು ವಿಹಿತವಾದುದು. ಆದುದರಿಂದ ಚಿತ್ತದ ಬೇನೆಗೆ ಇಂಥ ಖನಿಜಗಳನ್ನು ಎಷ್ಟರ ಮಟ್ಟಿಗೆ ಸೇವಿಸಬಹುದೆಂಬ ಚೀನಾದ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಹಿಂಗುಲವೆಂದರೆ ಪಾದರಸವೂ ಗಂಧಕವೂ ಕೂಡಿದ ವಸ್ತು. ತೂಕದಲ್ಲಿ ನೂರಕ್ಕೆ 86 ಪಾಲು ಪಾದರಸವೇ. ನೀರಿನಲ್ಲಿ ಕರಗದುದರಿಂದ ಅದು ದೇಹಕ್ಕೆ ಸೇರುವುದು ಅಲ್ಪವೆಂಬುದು ನಿಜ. ಆದರೆ ಬೆಂಕಿಗೆ ಹಿಡಿದರೆ ಅದೇ ಕಲ್ಲು ಪಾದರಸದ ಹಬೆಯನ್ನು ಬಿಡುತ್ತದೆ, ದೀರ್ಘಕಾಲ ಸೇವಿಸಿದರೆ ಮೂತ್ರಪಿಂಡಗಳನ್ನೂ ನರಮಂಡಲವನ್ನೂ ಕೆಡಿಸಬಲ್ಲದು. ಅಮರತ್ವದ ಆಸೆಯಿಂದ ಇಂಥ ಕಲ್ಪಗಳನ್ನು ಸೇವಿಸಿ ಟಾಂಗ್ ವಂಶದ ಚಕ್ರವರ್ತಿಗಳೇ ಕೆಲವರು ಪ್ರಾಣ ಕಳೆದುಕೊಂಡರು. ಇಂದಿನ ಚೀನಾದ ಅಧಿಕೃತ ಔಷಧಸಂಹಿತೆಯು ದಿನಕ್ಕೆ 0.1 ರಿಂದ 0.5 ಗ್ರಾಮಿನ ಮಿತಿಯನ್ನು ವಿಧಿಸಿ, ಅಧಿಕಸೇವನೆಯೂ ದೀರ್ಘಸೇವನೆಯೂ ಸಲ್ಲದೆಂದು ಹೇಳಿದೆ. ನಮ್ಮ ರಸವೈದ್ಯರೂ ಹಿಂಗುಲವನ್ನು ಶುಂಠಿಯ ಅಥವಾ ನಿಂಬೆಯ ರಸದಲ್ಲಿ ಮತ್ತೆ ಮತ್ತೆ ಅರೆದು ಶೋಧಿಸದೆ ಮುಟ್ಟಬಾರದೆಂದು ವಿಧಿಸಿದ್ದರು. ಎರಡೂ ದೇಶಗಳಲ್ಲಿ ಈ ಕಲ್ಲಿಗೆ ಗೌರವ ಬಂದುದು ಅದನ್ನು ಬಳಸುವವನ ಸಂಯಮದಿಂದ; ಆ ಸಂಯಮ ತಪ್ಪಿದಾಗ ಉಳಿಯುವುದು ವಿಷವೊಂದೇ.

ನಮ್ಮ ಕಾನೂನು ಈ ಅಪಾಯವನ್ನು ಅರಿಯದೆ ಇಲ್ಲ. ಔಷಧಗಳ 1945ರ ನಿಯಮಗಳು ಪಾದರಸ, ಹಿಂಗುಲ, ಹರಿತಾಳ, ಮನಃಶಿಲೆಗಳನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿ, ಅವುಗಳಿಂದಾದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆಯನ್ನು ಸೀಸೆಯ ಮೇಲೆ ಮುದ್ರಿಸತಕ್ಕದ್ದೆಂದು ಆಜ್ಞಾಪಿಸಿವೆ. ಆದರೆ ಆ ಎಚ್ಚರಿಕೆ ಕಡ್ಡಾಯವಾಗಿರುವುದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ಉರ್ದು, ಮರಾಠಿ, ತೆಲುಗುಗಳು ಕಿವಿಗೆ ಬೀಳುವ ಈ ಗಡಿನಾಡಿನಲ್ಲಿ ಹಿಂದಿಯ ಮಾತು ಅಪರಿಚಿತವಲ್ಲವಾದರೂ, ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ತಾಯಿಯೊಬ್ಬಳು ಸೀಸೆಯ ಮೇಲಿನ ಸಣ್ಣಕ್ಷರದ ಹಿಂದಿಯನ್ನು ಓದಿ, ಅದರ ಗಾಂಭೀರ್ಯವನ್ನು ಗ್ರಹಿಸಿ, ಮಗನ ಕೈಯಿಂದ ಗುಳಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಳೆಂದು ನಂಬುವುದು ಹೇಗೆ?

ಕನ್ನಡದಲ್ಲಿ ವೈದ್ಯವನ್ನು ಹೇಳಲಾಗದೆಂಬ ನೆಪಕ್ಕಂತೂ ಇಲ್ಲಿ ಆಸ್ಪದವಿಲ್ಲ. ನಮ್ಮ ನೆರೆಯ ಕಲ್ಯಾಣದಿಂದ ರಾಜ್ಯವಾಳಿದ ಚಾಲುಕ್ಯರ ಕುಲದಲ್ಲಿ ಹುಟ್ಟಿದ ಕೀರ್ತಿವರ್ಮನು ಗೋವೈದ್ಯವನ್ನು ಕನ್ನಡದಲ್ಲಿ ಬರೆದನು. ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವಾಗಿ ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನೇ ವಸ್ತುವಾಗಿ ತೆಗೆದುಕೊಂಡು ಖಗೇಂದ್ರಮಣಿದರ್ಪಣವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ದನಕರುಗಳ ಚಿಕಿತ್ಸೆಯನ್ನೂ ವಿಷದ ಲಕ್ಷಣವನ್ನೂ ಜನರ ಮಾತಿನಲ್ಲಿ ತಿಳಿಸುವುದು ತಮ್ಮ ಧರ್ಮವೆಂದು ಆ ಹಿರಿಯರು ಭಾವಿಸಿದ್ದ ನಾಡಿನಲ್ಲಿ ಎಚ್ಚರಿಕೆಯ ಒಂದು ವಾಕ್ಯವನ್ನು ಕನ್ನಡದಲ್ಲಿ ಕಡ್ಡಾಯಗೊಳಿಸದೆ ಇರುವುದು ಆ ಪರಂಪರೆಗೆ ಮಾಡುವ ಅಗೌರವ.

ಆದುದರಿಂದ ನಾನು ಬೇಡುವುದು ರಸೌಷಧಗಳ ಬಹಿಷ್ಕಾರವನ್ನಲ್ಲ. ಶಾಸ್ತ್ರವನ್ನು ಬಲ್ಲ ವೈದ್ಯರೂ ಹಕೀಮರೂ ನಮ್ಮ ಗೌರವಕ್ಕೆ ಪಾತ್ರರು. ಖನಿಜದ್ರವ್ಯವಿರುವ ಪ್ರತಿಯೊಂದು ಔಷಧದ ಮೇಲೂ ಆಯಾ ರಾಜ್ಯದ ಭಾಷೆಯಲ್ಲಿ, ದೊಡ್ಡ ಅಕ್ಷರಗಳಲ್ಲಿ ಎಚ್ಚರಿಕೆಯಿರಬೇಕೆಂದು ನಿಯಮ ತಿದ್ದಲ್ಪಡಬೇಕು. ವೈದ್ಯರ ಚೀಟಿಯಿಲ್ಲದೆ ಇಂಥದನ್ನು ಕೊಡುವುದಿಲ್ಲವೆಂದು ವ್ಯಾಪಾರಿಗಳು ನಿಲ್ಲಬೇಕು. ಔಷಧದಲ್ಲಿ ಪಾದರಸವಿದ್ದರೆ ಅದನ್ನು ರೋಗಿಗೆ ಬಾಯಿಬಿಟ್ಟು ಹೇಳುವುದು ವೈದ್ಯರ ವ್ರತವಾಗಬೇಕು. ನಿದ್ರೆಯಿಲ್ಲದವನ ಮನೆಯವರು ಗುಳಿಗೆಯನ್ನು ಹುಡುಕುವ ಮೊದಲು ಸರಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಲಿ. ಅಷ್ಟು ದೂರ ಹೋಗಲಾಗದವರಿಗೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತಾಡುವವರು ದೊರೆಯುತ್ತಾರೆ, ಅದಕ್ಕೆ ಹಣ ಕೊಡಬೇಕಾಗಿಲ್ಲ. ಮನಸ್ಸಿನ ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವ ಅಧಿಕಾರ ರೋಗಿಗೆ ಇರುವಂತೆ, ತಾನು ನುಂಗುವ ಔಷಧದ ಅಪಾಯವನ್ನು ತನ್ನ ಭಾಷೆಯಲ್ಲಿ ತಿಳಿಯುವ ಅಧಿಕಾರವೂ ಅವನಿಗಿದೆ. ಅದನ್ನು ಕೊಡಿಸುವುದು ಸರಕಾರದ ಕರ್ತವ್ಯ, ಕೇಳಿ ಪಡೆಯುವುದು ನಮ್ಮದು.