ಬೀಟ್‌ರೂಟ್ ಜ್ಯೂಸ್ ಸಾಕಾಗಲ್ಲ | ಭಾಗ 4

ಕ್ಯಾನ್ಸರ್ ಮುಂದುವರಿದ ಹಂತದಲ್ಲಿರೋರ ಮನೆಗೆ ಬಂದವರೆಲ್ಲ ಹೇಳೋದು ಒಂದೇ: 'ರಕ್ತ ಕಮ್ಮಿಯಾಗಿದೆ, ದಾಳಿಂಬೆ ತಿನ್ನಿಸಿ, ಬೀಟ್‌ರೂಟ್ ಜ್ಯೂಸ್ ಕುಡಿಸಿ.' ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಹಿಮೋಗ್ಲೋಬಿನ್ ಏರದಿದ್ದಾಗ ಬೈಸಿಕೊಳ್ಳೋದು ರೋಗಿ, 'ಸರಿಯಾಗಿ ತಿನ್ನಲ್ಲ' ಅಂತ. ಇದು ಅನ್ಯಾಯ ಕಣ್ರಪ್ಪಾ.

ಕ್ಯಾನ್ಸರ್ ಇದ್ದಾಗ ದೇಹದೊಳಗೆ ಉರಿಯೂತ ಇರತ್ತೆ. ಆಗ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಮಾಡತ್ತೆ. ಅದರಿಂದ ತಿಂದ ಕಬ್ಬಿಣಾಂಶ ಕರುಳು ದಾಟಿ ರಕ್ತಕ್ಕೆ ಸೇರಲ್ಲ, ದೇಹದಲ್ಲಿ ಕೂಡಿಟ್ಟಿದ್ದೂ ಹೊರಗೆ ಬರಲ್ಲ. ಗೋದಾಮು ತುಂಬಿದೆ, ಬೀಗ ಬಿದ್ದಿದೆ. ಹಾಗಾಗಿ ಫೆರಿಟಿನ್ ನಾರ್ಮಲ್ ಬಂತು ಅಂತ ಸುಮ್ಮನಾಗಬೇಡಿ. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಎಷ್ಟಿದೆ ಅಂತ ಡಾಕ್ಟರನ್ನು ಕೇಳಿ. 20%ಗಿಂತ ಕಮ್ಮಿ ಇದ್ರೆ, ಮಾತ್ರೆ ಕೆಲಸ ಮಾಡದ ಕಡೆ ಡ್ರಿಪ್‌ನಲ್ಲಿ ಕೊಡೋ ಕಬ್ಬಿಣ ಕೆಲಸ ಮಾಡಬಹುದು. (ಕೀಮೋ, ರಕ್ತಸ್ರಾವದಿಂದಲೂ ಹಿಮೋಗ್ಲೋಬಿನ್ ಇಳಿಯತ್ತೆ, ಕಾರಣ ಒಂದೇ ಅಲ್ಲ.)

'ಕೀಮೋ ಅಂದ್ಮೇಲೆ ಸುಸ್ತು ಇದ್ದಿದ್ದೇ' ಅನ್ನೋ ಮಾತನ್ನು ನಾನು ಒಪ್ಪಲ್ಲ. ಪಟ್ಟಂದೂರು ಅಗ್ರಹಾರ ಮೆಟ್ರೋ ಸ್ಟೇಷನ್ ಮೆಟ್ಟಿಲನ್ನ ನಾವು ಇಯರ್‌ಫೋನ್ ಹಾಕ್ಕೊಂಡು ಓಡಿ ಹತ್ತೀವಿ. ಹಿಮೋಗ್ಲೋಬಿನ್ 7 ಇರೋರಿಗೆ ಅದೇ ಬೆಟ್ಟ. ಅವರು ಇಲ್ಲಿಂದ ಕಿದ್ವಾಯಿವರೆಗೆ ಹೋಗಿ, ಕ್ಯೂನಲ್ಲಿ ನಿಂತು, ವಾಪಸ್ ಬರಬೇಕು. ಕಾಯಿಲೆ ಗುಣವಾಗದಿದ್ರೂ, ಸ್ನಾನಕ್ಕೆ ತಾವೇ ಎದ್ದು ಹೋಗೋಷ್ಟು ಶಕ್ತಿ ಸಿಕ್ಕರೆ ಅದು ಸಣ್ಣದಲ್ಲ.

ಕೆಲವರಿಗೆ ರಕ್ತವನ್ನೇ ಹಾಕಬೇಕಾಗತ್ತೆ. ಒಂದು ಯೂನಿಟ್‌ಗೆ ಏರೋದು ಸುಮಾರು 1 ಗ್ರಾಂ ಅಷ್ಟೇ. ವಯಸ್ಸು 18 ಆಗಿ, ತೂಕ 45 ಕೆಜಿ, ಹಿಮೋಗ್ಲೋಬಿನ್ 12.5 ಇದ್ದು, ಆರೋಗ್ಯ ಸರಿಯಿದ್ರೆ ಹುಡುಗರು 3 ತಿಂಗಳಿಗೊಮ್ಮೆ, ಹುಡುಗಿಯರು 4 ತಿಂಗಳಿಗೊಮ್ಮೆ ರಕ್ತ ಕೊಡಬಹುದು. ದಾಳಿಂಬೆನೂ ತಗೊಂಡು ಹೋಗಿ, ಅವರಿಗೆ ಇಷ್ಟ ಇದ್ರೆ.

#ಪಟ್ಟಂದೂರುಅಗ್ರಹಾರ #ರಕ್ತಹೀನತೆ #ರಕ್ತದಾನ