ಯಂತ್ರವೂ ಅರುಂಧತೀನ್ಯಾಯವೂ

ಮದುವೆಯಲ್ಲಿ ವಧೂವರರಿಗೆ ಅರುಂಧತೀದರ್ಶನವನ್ನು ಮಾಡಿಸುವ ವಾಡಿಕೆಯನ್ನು ಎಲ್ಲರೂ ಬಲ್ಲರು. ಮುಹೂರ್ತವು ಬಹುಮಟ್ಟಿಗೆ ಹಗಲಿನಲ್ಲಿಯೇ ಇರುವುದರಿಂದ ಪುರೋಹಿತರು ಬಿಸಿಲು ತುಂಬಿದ ಆಕಾಶದತ್ತ ಬೆರಳೆತ್ತುತ್ತಾರೆ. ದಂಪತಿಗಳು ತಲೆಯೆತ್ತಿ ‘ಕಂಡೆವು’ ಎನ್ನುತ್ತಾರೆ. ಕಂಡವರು ಯಾರೂ ಇಲ್ಲ. ಈ ಹಗಲಿನ ಅರುಂಧತಿಯು ಈಗ ಹೊಸ ವೇಷವನ್ನು ತಾಳಿ ವಿದ್ಯಾವಂತರ ಮನೆಯ ಮಹಡಿಗಳನ್ನೇರತೊಡಗಿದೆ.

ತನ್ನ ದಿಕ್ಕನ್ನು ತಾನೇ ಗೊತ್ತುಮಾಡಿಕೊಳ್ಳುವ ಗಣಕಯಂತ್ರದ ದೂರದರ್ಶಕವೇ ಆ ವೇಷ. ಅಮೆರಿಕದ ಸೆಲೆಸ್ಟ್ರಾನ್ ಸಂಸ್ಥೆಯು 2011ರಲ್ಲಿ ಹೊರತಂದ ‘ಸ್ಕೈಪ್ರಾಡಿಜಿ’ಯು ಈ ಜಾತಿಯದು. ಗುಂಡಿಯನ್ನೊತ್ತಿದೊಡನೆ ಅದರಲ್ಲಿರುವ ಚಿಕ್ಕ ಕ್ಯಾಮೆರಾ ಆಕಾಶದ ಕೆಲವು ಭಾಗಗಳ ಚಿತ್ರವನ್ನು ತೆಗೆಯುತ್ತದೆ. ಅಲ್ಲಿಯ ನಕ್ಷತ್ರಗಳ ವಿನ್ಯಾಸವನ್ನು ತನ್ನಲ್ಲಿರುವ ಪಟ್ಟಿಯೊಡನೆ ಹೋಲಿಸಿ, ನಳಿಗೆಯು ಎತ್ತ ತಿರುಗಿದೆಯೆಂಬುದನ್ನು ಯಂತ್ರವು ಕೆಲವೇ ನಿಮಿಷಗಳಲ್ಲಿ ಲೆಕ್ಕ ಹಾಕುತ್ತದೆ. ಆ ಬಳಿಕ ಬೇಕಾದ ಹೆಸರನ್ನು ಆರಿಸಿದರೆ ಮೋಟಾರುಗಳು ನಳಿಗೆಯನ್ನು ಅತ್ತ ತಿರುಗಿಸುತ್ತವೆ. ಭೂಮಿಯ ಆವರ್ತನದಿಂದ ಗಂಟೆಗೆ 15 ಅಂಶದಂತೆ ಸರಿಯುವ ಆಕಾಶವನ್ನು ಹಿಂಬಾಲಿಸುತ್ತವೆ. ಯಂತ್ರವು ನಿಸ್ಸಂದೇಹವಾಗಿ ಶ್ಲಾಘ್ಯವಾದುದು. ‘ಆದುದರಿಂದ ಆಕಾಶವನ್ನು ಅರಿಯಬೇಕಾದುದೇ ಇಲ್ಲ’ ಎಂಬ ಸಿದ್ಧಾಂತವು ಮಾತ್ರ ಶ್ಲಾಘ್ಯವಲ್ಲ.

ಈ ಸಿದ್ಧಾಂತದ ಪಕ್ಷಪಾತಿಗಳು ಹೇಳುವುದಿಷ್ಟು: ಪಟ್ಟಣದ ದೀಪಗಳ ನಡುವೆ ಕಾಣುವ ನಕ್ಷತ್ರಗಳೇ ವಿರಳ, ಉದ್ಯೋಗಸ್ಥರಿಗೆ ಬಿಡುವು ಕಡಮೆ, ಮಕ್ಕಳಿಗೆ ತಾಳ್ಮೆ ಅಲ್ಪ. ಮೂರೂ ನಿಜವೇ. ಆದರೆ ಯಂತ್ರವು ತಪ್ಪಿದಾಗ ತಪ್ಪಿತೆಂದು ಹೇಳುವವರಾರು? ಮುಕ್ಕಾಲಿಗೆ ಯಾರದೋ ಕಾಲು ತಗುಲಬಹುದು, ಬ್ಯಾಟರಿಯು ಸೊರಗಬಹುದು, ದಿನವೂ ವೇಳೆಯೂ ತಪ್ಪಾಗಿ ಸೇರಿರಬಹುದು. ಸ್ಥಿರವಾದ ನಕ್ಷತ್ರಗಳಿಗೆ ಪಟ್ಟಿಯೊಂದು ಸಾಕಾದರೂ ಚಲಿಸುವ ಗ್ರಹಗಳಿಗೆ ದಿನವೇಳೆಗಳ ಲೆಕ್ಕವು ಬೇಕೇ ಬೇಕಷ್ಟೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಆಂಡ್ರೊಮೀಡಾ ನಕ್ಷತ್ರಮಂಡಲವು ಚಿಕ್ಕ ದೂರದರ್ಶಕದಲ್ಲಿ ಬರಿಯ ಬಿಳಿಯ ಮಸುಕಾಗಿ ತೋರುವುದು. ಛಾಯಾಚಿತ್ರಗಳ ಬಣ್ಣವಾಗಲಿ ಸುರುಳಿಯಾಗಲಿ ಅಲ್ಲಿಲ್ಲ. ಯಂತ್ರವು ಅದರ ಬದಲು ಬರಿದಾದ ಆಕಾಶವನ್ನೇ ತೋರಿಸಿದರೂ, ದೋಷವು ಕಣ್ಣಿನದೋ ಯಂತ್ರದ್ದೋ ಅರಿಯದ ಮಗುವು ತಂದೆಯ ಮುಖವನ್ನು ನೋಡಿ ‘ಕಂಡಿತು’ ಎನ್ನುವುದು. ಕಾಣದುದನ್ನು ಕಂಡೆನೆನ್ನುವ ಈ ಅಭ್ಯಾಸವನ್ನು ಕಲಿಸುವುದಕ್ಕೆ ವಿಜ್ಞಾನದ ಹೆಸರೇಕೆ?

ಇನ್ನು ಬೆಲೆಯ ಮಾತು. ಕ್ಯಾಮೆರಾಕ್ಕೂ ಮೋಟಾರಿಗೂ ತೆತ್ತ ಹಣವು ಕನ್ನಡಿಗೆ ಸಲ್ಲುವುದಿಲ್ಲ. 200 ಮಿಲಿಮೀಟರ್ ಅಗಲದ ಕನ್ನಡಿಯು 130 ಮಿಲಿಮೀಟರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕನ್ನು ಸಂಗ್ರಹಿಸುತ್ತದೆ. ಕೊಳ್ಳುವವರು ಇದನ್ನು ಮೊದಲೇ ತೂಗಿ ನೋಡತಕ್ಕದ್ದು.

ಎಲ್ಲಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಯಂತ್ರದ ಕೈಫಲಕದಲ್ಲಿ ಅಲ್ಡೆಬರಾನ್, ಆರ್ಕ್ಟ್ಯೂರಸ್, ಸ್ಪೈಕಾ ಎಂಬ ಹೆಸರುಗಳು ಮೂಡುತ್ತವೆ. ಇವು ಬೇರೆಯಲ್ಲ, ರೋಹಿಣಿ, ಸ್ವಾತಿ, ಚಿತ್ತೆಗಳೇ. ನಿತ್ಯವೂ ಪಂಚಾಂಗದಲ್ಲಿ ಓದುವ, ಹೆಣ್ಣುಮಕ್ಕಳಿಗೆ ಇಡುವ, ರೈತರು ಮಳೆಗಳನ್ನೆಣಿಸುವ ಹೆಸರುಗಳಿವು. ಹೆಸರು ಮನೆಯಲ್ಲಿದ್ದೂ ನಕ್ಷತ್ರದ ಪರಿಚಯವಿಲ್ಲದ ಕುಲಕ್ಕೆ ಯಂತ್ರವು ಏನನ್ನು ತಾನೇ ತೋರಿಸೀತು?

ಪರಿಹಾರವೂ ಮನೆಯಲ್ಲಿಯೇ ಇದೆ. ಸ್ಥೂಲವಾದುದನ್ನು ಮೊದಲು ತೋರಿಸಿ, ಅದರ ಆಸರೆಯಿಂದ ಸೂಕ್ಷ್ಮಕ್ಕೆ ಕರೆದೊಯ್ಯುವುದನ್ನು ಶಾಸ್ತ್ರಕಾರರು ಅರುಂಧತೀನ್ಯಾಯವೆಂದರು. ಯಂತ್ರವನ್ನು ತಂದವರು ಮೊದಲ ಕೆಲವು ರಾತ್ರಿಗಳನ್ನು ಬರಿಗಣ್ಣಿಗೆ ಮೀಸಲಿಟ್ಟು ಐದಾರು ನಕ್ಷತ್ರಗಳ ಗುರುತು ಮಾಡಿಕೊಳ್ಳಲಿ. ಬಳಿಕ ಹಗಲಿನಲ್ಲಿ, ಸೂರ್ಯನತ್ತ ಎಂದೂ ತಿರುಗಿಸದೆ, ದೂರದ ತೆಂಗಿನ ತುದಿಯನ್ನು ಹಿಡಿದು ಗುರಿನಳಿಗೆಯನ್ನು ಸರಿಪಡಿಸಲಿ. ರಾತ್ರಿ ಅರ್ಧಗಂಟೆ ಮೊದಲೇ ಯಂತ್ರವನ್ನು ಹೊರಗಿಟ್ಟು, ಅತ್ಯಲ್ಪ ವರ್ಧನೆಯ ಕಣ್ಮಸೂರವನ್ನು ತೊಡಿಸಿ, ಪರಿಚಿತವಾದ ನಕ್ಷತ್ರಕ್ಕೇ ಮೊದಲ ಆಜ್ಞೆಯನ್ನು ಕೊಡಲಿ. ಅದು ನಡುವೆ ನಿಂತರೆ ಯಂತ್ರವನ್ನು ನಂಬಬಹುದು. ನಿಲ್ಲದಿದ್ದರೆ ಮತ್ತೊಮ್ಮೆ ಹೊಂದಿಸತಕ್ಕದ್ದು.

ಚೈತ್ರವೈಶಾಖಗಳ ರಾತ್ರಿ ಉತ್ತರದಲ್ಲಿ ಸಪ್ತರ್ಷಿಗಳು ಮೇಲೇರಿದಾಗ, ವಸಿಷ್ಠನ ಪಕ್ಕದ ಅರುಂಧತಿಯನ್ನು ಮಕ್ಕಳು ತಮ್ಮ ಕಣ್ಣಿನಿಂದಲೇ ಹುಡುಕಲಿ. ಆಮೇಲೆ ನಳಿಗೆಯಲ್ಲಿ ನೋಡಿದರೆ ವಸಿಷ್ಠನೇ ಎರಡಾಗಿ ಒಡೆದು ಕಾಣುವನು. ಆಗ ಅವರು ‘ಕಂಡೆವು’ ಎಂದರೆ ಅದು ಸತ್ಯವಾದ ಮಾತು.