ಕಿಕ್‌ಬಾಕ್ಸಿಂಗ್ ಕಲಿತವರೆಲ್ಲ ರಿಂಗಿಗೆ ಇಳಿಯಲೇಬೇಕಾ?

ತಾಲೂಕು ಕೇಂದ್ರಗಳಲ್ಲಿ ಈಗ ಕರಾಟೆ ಬೋರ್ಡಿನ ಪಕ್ಕದಲ್ಲೇ ಕಿಕ್‌ಬಾಕ್ಸಿಂಗ್ ಬೋರ್ಡೂ ನೇತಾಡುತ್ತಿದೆ. ಕಲ್ಯಾಣ ಮಂಟಪದ ಮಹಡಿಯೋ, ಜಿಮ್ಮಿನ ಹಿಂದಿನ ಶೆಡ್ಡೋ, ಜಾಗ ಸಿಕ್ಕ ಕಡೆ ಕ್ಲಾಸ್. ಮಕ್ಕಳು ಸೇರಿ ಮೂರು ತಿಂಗಳು ಆಗಿರುವುದಿಲ್ಲ, ಮನೆಗೊಂದು ಚೀಟಿ ಬರುತ್ತದೆ. ಮುಂದಿನ ಭಾನುವಾರ ಚಾಂಪಿಯನ್‌ಶಿಪ್, ಎಂಟ್ರಿ ಫೀ ಇಷ್ಟು, ಡ್ರೆಸ್ಸಿಗೆ ಇಷ್ಟು, ಬಸ್ ಚಾರ್ಜ್ ಬೇರೆ. ಬೇಡ ಎಂದವರಿಗೆ ಸಿಗುವ ಉತ್ತರ ಎಲ್ಲಾ ಊರಲ್ಲೂ ಒಂದೇ: 'ಆಡದೇ ಇದ್ದರೆ ಕಲಿತು ಏನು ಪ್ರಯೋಜನ?'

ನಮ್ಮ ತಕರಾರು ಇರುವುದು ಈ ಮಾತಿನ ಮೇಲೆ.

ಗರಡಿ ಮನೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಟ್ಟಿಗಿಳಿದು ಸಾಮು ಮಾಡಿದವರೆಲ್ಲ ದಸರಾ ಕುಸ್ತಿಗೆ ಹೋದವರಲ್ಲ. ಬೆಳಿಗ್ಗೆ ಬಂದು ದಂಡ, ಬಸ್ಕಿ ಹೊಡೆದು, ಗದೆ ತಿರುಗಿಸಿ, ಮೈಯ ಮಣ್ಣು ತೊಳೆದುಕೊಂಡು ಹೊಲಕ್ಕೆ ಹೋದವರೇ ಹೆಚ್ಚು. ಅವರನ್ನು ಯಾರೂ 'ನೀನು ಅಖಾಡಕ್ಕೆ ಇಳಿಯಲಿಲ್ಲ, ನಿನ್ನ ಸಾಮು ದಂಡ' ಎನ್ನಲಿಲ್ಲ. ಕುಸ್ತಿಗೆ ಹೋಗುವವನನ್ನು ಉಸ್ತಾದ್ ವರ್ಷಗಟ್ಟಲೆ ನೋಡಿ ಆರಿಸುತ್ತಿದ್ದರು. ಮೈಸೂರು ದಸರೆಯಲ್ಲಿ ಇವತ್ತಿಗೂ ಪಂದ್ಯಕ್ಕೆ ಮೊದಲು ಜೋಡಿ ಕಟ್ಟುವ ದಿನ ಅಂತಲೇ ಒಂದಿದೆ. ವಯಸ್ಸು, ತೂಕ, ಅನುಭವ ಅಳೆದು, ಸಮಬಲದವರನ್ನು ಎದುರುಬದುರು ನಿಲ್ಲಿಸಿ, ಇಬ್ಬರೂ ಒಪ್ಪಿದ ಮೇಲೆ ಜೋಡಿ. ಅಷ್ಟು ಎಚ್ಚರ ಮಣ್ಣಿನ ಕುಸ್ತಿಗೆ ಇತ್ತು. ತಲೆಗೇ ಒದೆಯುವ ಆಟಕ್ಕೆ ಅದಕ್ಕಿಂತ ಕಡಿಮೆ ಇದ್ದರೆ ನಡೆಯುತ್ತದೆಯಾ?

ಕಿಕ್‌ಬಾಕ್ಸಿಂಗ್ ಎಂದರೆ ಒಂದೇ ಆಟ ಅಲ್ಲ. ಮೊದಲು ಪೋಷಕರಿಗೆ ಇದು ಗೊತ್ತಾಗಬೇಕು. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ವಾಕೋ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅದಕ್ಕೆ ಪೂರ್ಣ ಮಾನ್ಯತೆ ಕೊಟ್ಟಿತು. (ಮಾನ್ಯತೆ ಸಿಕ್ಕಿದೆ ಎಂದರೆ ಒಲಿಂಪಿಕ್ಸ್‌ನಲ್ಲಿ ಆಡಿಸುತ್ತಾರೆ ಎಂದಲ್ಲ. ಬ್ಯಾನರಿನಲ್ಲಿ ಐದು ಉಂಗುರ ಕಂಡರೆ ಇದು ನೆನಪಿರಲಿ.) ವಾಕೋ ನಿಯಮದಲ್ಲಿ ಮ್ಯಾಟ್ ಮೇಲಿನ ಆಟ ಬೇರೆ, ರಿಂಗ್ ಒಳಗಿನ ಆಟ ಬೇರೆ. ಮ್ಯಾಟ್ ಮೇಲೆ ಪಾಯಿಂಟ್ ಫೈಟಿಂಗ್ ಇದೆ. ಅಲ್ಲಿ ಒಂದು ಸರಿಯಾದ ಏಟು ಬಿದ್ದ ಕೂಡಲೇ ರೆಫರಿ ಆಟ ನಿಲ್ಲಿಸಿ ಪಾಯಿಂಟ್ ಕೊಡುತ್ತಾರೆ. ಲೈಟ್ ಕಾಂಟ್ಯಾಕ್ಟ್, ಕಿಕ್ ಲೈಟ್‌ನಲ್ಲಿ ಆಟ ನಿಲ್ಲದೆ ನಡೆಯುತ್ತದೆ, ಆದರೆ ಏಟು ಹಗುರವಾಗಿರಬೇಕು. ಜೋರಾಗಿ ಹೊಡೆದವನಿಗೇ ಶಿಕ್ಷೆ.

ರಿಂಗ್‌ನಲ್ಲಿ ಲೆಕ್ಕ ಉಲ್ಟಾ. ಫುಲ್ ಕಾಂಟ್ಯಾಕ್ಟ್‌ನಲ್ಲಿ ಸೊಂಟದ ಮೇಲೆ ಪೂರ್ತಿ ಬಲದ ಏಟು, ಲೋ ಕಿಕ್‌ನಲ್ಲಿ ತೊಡೆಗೂ ಒದೆ, ಕೆ-1ನಲ್ಲಿ ಅದರ ಜೊತೆಗೆ ಮೊಣಕಾಲಿನ ಏಟೂ ಉಂಟು. ಎದುರಾಳಿಯನ್ನು ಏಳದಂತೆ ಬೀಳಿಸಿದರೆ ಅಲ್ಲಿ ಅದು ಗೆಲುವು. ಎರಡೆರಡು ನಿಮಿಷದ ಮೂರು ಸುತ್ತು ಎಂದರೆ ಕೇಳುವುದಕ್ಕೆ ಚಿಕ್ಕದು. ಒಮ್ಮೆ ಎರಡು ನಿಮಿಷ ಬ್ಯಾಗ್‌ಗೆ ಬಿಡದೆ ಹೊಡೆದು ನೋಡಿ, ತೋಳು ಎತ್ತಲು ಬರುವುದಿಲ್ಲ. ತೋಳು ಕೆಳಗಿಳಿದಾಗಲೇ ತಲೆಗೆ ಏಟು ಬೀಳುವುದು.

ಹಾಗಾಗಿ ಕೋಚ್ ಬಂದು 'ನಿಮ್ಮ ಮಗನನ್ನು ಆಡಿಸೋಣ' ಎಂದರೆ ಮೊದಲ ಪ್ರಶ್ನೆ: ಯಾವುದರಲ್ಲಿ? ಆ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಫೀಸು ಕೊಡಬೇಡಿ.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕೆ-1 ಪಂದ್ಯವೊಂದರ ಸುದ್ದಿ ನಿಮ್ಮಲ್ಲಿ ಹಲವರ ಫೋನಿಗೆ ವಿಡಿಯೊ ಆಗಿ ಬಂದಿರಬಹುದು. ಮೈಸೂರಿನ 23 ವರ್ಷದ ಹುಡುಗ ಎದುರಾಳಿಯ ಏಟಿಗೆ ರಿಂಗಿನಲ್ಲೇ ಕುಸಿದ. ಕೆಲವು ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಪಂದ್ಯದ ಜಾಗದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ಆರೋಪಿಸಿದರು, ಆಯೋಜಕರ ವಿರುದ್ಧ ಪೊಲೀಸ್ ಕೇಸು ದಾಖಲಾಯಿತು. ಆಗ ಒಂದು ವಾರ ಎಲ್ಲರೂ ಮಾತಾಡಿದರು. ದೊಡ್ಡ ಆಸ್ಪತ್ರೆಗಳಿರುವ ಬೆಂಗಳೂರಿನಲ್ಲೇ ಹೀಗಾಯಿತು. ನಮ್ಮ ಕಡೆ ಜಾತ್ರೆ ಮೈದಾನದಲ್ಲಿ, ಕಾಲೇಜು ಗ್ರೌಂಡಿನಲ್ಲಿ ರಿಂಗ್ ಕಟ್ಟುವವರು ಒಂದು ಕ್ಷಣ ಯೋಚಿಸಲಿ. ತಲೆಯೊಳಗೆ ರಕ್ತ ಸೋರಿದರೆ ತಾಲೂಕು ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವರು ಇರುವುದಿಲ್ಲ. ಜಿಲ್ಲಾ ಕೇಂದ್ರ, ಅಲ್ಲೂ ಆಗದಿದ್ದರೆ ಇನ್ನೊಂದು ದೊಡ್ಡ ಊರು. ದಾರಿಯಲ್ಲಿ ಕಳೆಯುವ ಒಂದೊಂದು ಗಂಟೆಯೂ ಆ ಹುಡುಗನ ಆಯಸ್ಸಿನಿಂದಲೇ ಹೋಗುತ್ತದೆ.

ಹೆಲ್ಮೆಟ್ ಹಾಕಿರುತ್ತಾರಲ್ಲ ಎನ್ನುವವರಿಗೂ ಒಂದು ಮಾತು. ಹೆಡ್‌ಗಾರ್ಡ್ ಹುಬ್ಬು ಒಡೆಯುವುದನ್ನು, ಗಾಯವಾಗುವುದನ್ನು ತಪ್ಪಿಸುತ್ತದೆ. ತಲೆಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ಅದು ತಡೆಯುವುದಿಲ್ಲ. ಏಟು ತಿಂದ ಹುಡುಗ ಎದ್ದು ನಿಂತು 'ಏನೂ ಆಗಿಲ್ಲ ಮಾಸ್ಟರ್' ಎಂದರೂ ತಲೆನೋವು, ಕಣ್ಣು ಮಂಜು, ವಾಂತಿ, ಮಂಕು ಇದೆಯಾ ನೋಡಬೇಕು. ಮೊದಲ ಏಟು ವಾಸಿಯಾಗುವ ಮೊದಲೇ ಇನ್ನೊಂದು ಬಿದ್ದರೆ ಪ್ರಾಣಕ್ಕೇ ಕುತ್ತು. ತಲೆ ಏಟಿಗೆ ನಾಕೌಟ್ ಆದವನು ಕನಿಷ್ಠ ನಾಲ್ಕು ವಾರ ಆಡುವಂತಿಲ್ಲ. ನಮ್ಮಲ್ಲಿ ಬೆಳಿಗ್ಗೆ ಬಿದ್ದವನನ್ನು ಸಂಜೆ ಇನ್ನೊಂದು ವಿಭಾಗಕ್ಕೆ ಇಳಿಸುವ ಆಸೆ ಯಾವ ಕೋಚ್‌ಗಾದರೂ ಇದ್ದರೆ ಅಂಥ ಕ್ಲಾಸಿನಿಂದ ಮಗುವನ್ನು ಅವತ್ತೇ ಬಿಡಿಸಿ.

ಈಗ ಮೆಡಲ್ ವಿಚಾರ. ಭಾನುವಾರ ರಾತ್ರಿ ನಮ್ಮ ವಾಟ್ಸಾಪ್‌ಗೆ ಪ್ರೆಸ್ ನೋಟ್ ಬರುತ್ತದೆ. ಸಾಲಾಗಿ ನಿಂತ ಮಕ್ಕಳು, ಎಲ್ಲರ ಕೊರಳಲ್ಲೂ ಚಿನ್ನ ಇಲ್ಲವೇ ಬೆಳ್ಳಿ, ಮಧ್ಯದಲ್ಲಿ ಮಾಸ್ಟರ್, ಪಕ್ಕದಲ್ಲಿ ಸ್ಥಳೀಯ ಮುಖಂಡರು. ನಾವು ವಾಪಸ್ ಫೋನ್ ಮಾಡಿ ಕೇಳುವುದು ಒಂದೇ: ಆ ವಯಸ್ಸು, ಆ ತೂಕದ ವಿಭಾಗದಲ್ಲಿ ಒಟ್ಟು ಎಷ್ಟು ಜನ ಇದ್ದರು? ಕೆಲವೊಮ್ಮೆ ಉತ್ತರ ಎರಡು. ಒಬ್ಬರೇ ಇದ್ದದ್ದೂ ಉಂಟು. ವಯಸ್ಸಿಗೊಂದು, ತೂಕಕ್ಕೊಂದು, ಆಟಕ್ಕೊಂದು ವಿಭಾಗ ಮಾಡುತ್ತಾ ಹೋದರೆ ಮೆಡಲಿಗೆ ಬರವೇ ಇಲ್ಲ. ಮಗುವಿಗೆ ಖುಷಿ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ತೋರಿಸಿ 'ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು, ನೌಕರಿ' ಎಂದು ಅಪ್ಪ ಅಮ್ಮಂದಿರ ಜೇಬಿಗೆ ಕೈ ಹಾಕುವುದು ಮೋಸ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಸರ್ಟಿಫಿಕೇಟ್ ಯಾವ ನಮೂನೆಯಲ್ಲಿರಬೇಕು, ಯಾರ ಸಹಿ ಇರಬೇಕು ಎಂಬುದೆಲ್ಲ ಬರೆದಿಟ್ಟಿದೆ. ದೇಶವನ್ನು ಪ್ರತಿನಿಧಿಸಿದ್ದರೆ ರಾಷ್ಟ್ರೀಯ ಫೆಡರೇಷನ್‌ನದು, ರಾಷ್ಟ್ರೀಯ ಕೂಟದಲ್ಲಿ ರಾಜ್ಯದ ಪರ ಆಡಿದ್ದರೆ ರಾಜ್ಯ ಸಂಸ್ಥೆಯದು. 'ಆಲ್ ಇಂಡಿಯಾ ಓಪನ್' ಎಂದು ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿದ ಖಾಸಗಿ ಕಾಗದಕ್ಕೆ ಅಲ್ಲಿ ಜಾಗ ಇಲ್ಲ. ದುಡ್ಡು ಕೊಡುವ ಮೊದಲು ಆ ಕಾಗದದ ಫೋಟೊ ತೆಗೆದು ಜಿಲ್ಲಾ ಕ್ರೀಡಾ ಇಲಾಖೆಗೆ ಹೋಗಿ ತೋರಿಸಿ, ನಡೆಯುತ್ತದಾ ಕೇಳಿ.

ಹಾಗಂತ ನಾವು ಸ್ಪರ್ಧೆಯ ವೈರಿಗಳಲ್ಲ. ಕೆಲವರಿಗೆ ಆ ಹಸಿವು ಹುಟ್ಟಿನಿಂದಲೇ ಇರುತ್ತದೆ. ಸೋತ ರಾತ್ರಿ ನಿದ್ದೆ ಮಾಡದೆ, ಮಾರನೇ ದಿನ ಎಲ್ಲರಿಗಿಂತ ಮೊದಲು ಕ್ಲಾಸಿನ ಬಾಗಿಲಲ್ಲಿ ನಿಲ್ಲುವವರು. ಅಂಥವರನ್ನು ಹಿಡಿದು ಕಟ್ಟಬೇಡಿ. ಒಂದೆರಡು ವರ್ಷ ಮೈ ಗಟ್ಟಿಯಾಗಲಿ, ಕ್ಲಾಸಿನಲ್ಲೇ ಹಗುರ ಸ್ಪಾರಿಂಗ್ ಮಾಡಲಿ, ಆಮೇಲೆ ಮ್ಯಾಟ್ ಮೇಲಿನ ಆಟ. ಅಲ್ಲಿ ಏಟು ತಪ್ಪಿಸಿಕೊಳ್ಳುವುದು ಕೈವಶವಾದ ಮೇಲೆ, ಅವರೇ ಬಾಯಿಬಿಟ್ಟು ಕೇಳಿದರೆ ರಿಂಗ್. ತೂಕದ ವಿಭಾಗಕ್ಕಾಗಿ ಎರಡು ದಿನ ನೀರು ಬಿಡು, ಊಟ ಬಿಡು ಎನ್ನುವ ಕೋಚ್ ಇದ್ದರೆ ಎಚ್ಚರ. ನೀರಿಲ್ಲದ ಮೈಗೆ ಬೀಳುವ ಏಟು ಇನ್ನೂ ಕೆಟ್ಟದ್ದು. ಬೆಳೆಯುವ ಮಕ್ಕಳಿಗಂತೂ ಈ ಆಟ ಬೇಡವೇ ಬೇಡ.

ಆದರೆ ಹತ್ತರಲ್ಲಿ ಎಂಟು ಜನ ಬರುವುದು ಮೈಗಾಗಿ, ಧೈರ್ಯಕ್ಕಾಗಿ. ಅಂಗಡಿಯಲ್ಲಿ ದಿನವಿಡೀ ಕೂತು ಹೊಟ್ಟೆ ಬಂದವರು, ಪೊಲೀಸ್ ಫಿಸಿಕಲ್‌ಗೆ ಉಸಿರು ಕಟ್ಟಿಕೊಳ್ಳಬೇಕಾದವರು, ಕತ್ತಲಾದ ಮೇಲೆ ಬಸ್ ಸ್ಟ್ಯಾಂಡಿನಿಂದ ಒಬ್ಬರೇ ನಡೆದು ಬರುವ ಹೆಣ್ಣುಮಕ್ಕಳು. ಸ್ಕಿಪ್ಪಿಂಗ್, ಶ್ಯಾಡೊ, ಪ್ಯಾಡ್, ಬ್ಯಾಗ್, ವಾರಕ್ಕೆ ಮೂರು ದಿನ ಒಂದೊಂದು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ, ಇಲ್ಲವೇ 75 ನಿಮಿಷದ ಬಿರುಸಿನ ವ್ಯಾಯಾಮ ಬೇಕು ಎನ್ನುತ್ತದೆ. ಇದು ಅದನ್ನು ಮೀರಿಸುತ್ತದೆ. ಯಾರ ತಲೆಗೂ ಏಟು ಬೀಳಬೇಕಾಗಿಲ್ಲ. ಇದು ಅರ್ಧ ಕಲಿಕೆ ಅಲ್ಲ, ಪೂರ್ತಿಯೇ.

ಹೆಣ್ಣುಮಕ್ಕಳ ವಿಷಯದಲ್ಲಿ 'ಆಡದಿದ್ದರೆ ಏನು ಪ್ರಯೋಜನ' ಎಂಬ ಮಾತು ಇನ್ನೂ ದುಬಾರಿ. ಕೋಚ್ ಪಂದ್ಯಕ್ಕೆ ಒತ್ತಾಯ ಮಾಡಿದರೆ ಮನೆಯವರು 'ಮುಖಕ್ಕೆ ಏಟು ಬಿದ್ದರೆ ನಾಳೆ ಮದುವೆ ಯಾರು ಮಾಡ್ಕೋತಾರೆ' ಎಂದು ಕ್ಲಾಸೇ ಬಿಡಿಸುತ್ತಾರೆ. ಪಂದ್ಯಕ್ಕೆ ಹೋಗದಿದ್ದರೆ 'ಮೆಡಲ್ ಇಲ್ಲ ಏನಿಲ್ಲ, ಸುಮ್ಮನೆ ದುಡ್ಡು' ಎಂದು ಬಿಡಿಸುತ್ತಾರೆ. ಎರಡೂ ಕಡೆಯಿಂದ ಹುಡುಗಿಗೇ ಸೋಲು. ಸರ್ಕಾರಿ ಶಾಲೆಗಳಲ್ಲಿ 6ನೇ ತರಗತಿಯ ಮೇಲಿನ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ. ಅದನ್ನು ಮೆಡಲಿಗೆಂದು ಮಾಡಿಲ್ಲ. ಕೈ ಹಿಡಿದವನ ಕೈ ಬಿಡಿಸಿಕೊಳ್ಳಲು, ಗಟ್ಟಿ ದನಿಯಲ್ಲಿ ಕೂಗಲು, ಓಡಲು ಬರಲಿ ಎಂದು ಮಾಡಿದ್ದು. ನಿಮ್ಮ ಶಾಲೆಯಲ್ಲಿ ಅದು ನಿಜಕ್ಕೂ ನಡೆಯುತ್ತಿದೆಯಾ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಅದು ಮುಗಿದ ಮೇಲೆ ಮಗಳು ಕ್ಲಾಸ್ ಮುಂದುವರಿಸುತ್ತೇನೆ ಎಂದರೆ ಕಳಿಸಿ. ಪಂದ್ಯ ಬೇಕಾ ಬೇಡವಾ ಅವಳೇ ಹೇಳಲಿ.

ಕೋಚ್‌ಗಳಿಗೂ ನೇರವಾಗಿ ಹೇಳುತ್ತೇವೆ. ಬಾಡಿಗೆ, ಕರೆಂಟು, ಮ್ಯಾಟಿನ ಖರ್ಚು ನಿಮಗೂ ಇದೆ, ತಿಂಗಳ ಫೀಸಿನಲ್ಲಿ ಹೊಟ್ಟೆ ತುಂಬುವುದು ಕಷ್ಟ. ಹಾಗಿದ್ದರೆ ಫೀಸು ಹೆಚ್ಚಿಸಿ, ಕಾರಣ ಹೇಳಿ, ಜನ ಕೊಡುತ್ತಾರೆ. ಎಂಟ್ರಿ ಫೀ ಕಮಿಷನ್‌ಗಾಗಿ ಮಕ್ಕಳ ತಲೆ ಒಡ್ಡಬೇಡಿ.

ಮುಂದಿನ ಟೂರ್ನಮೆಂಟಿನ ಚೀಟಿ ಬಂದಾಗ ಅದರ ಹಿಂದೆಯೇ ಬರೆದು ಕೇಳಿ. ರಿಂಗ್ ಪಕ್ಕದಲ್ಲಿ ಡಾಕ್ಟರ್ ಯಾರು, ಹೆಸರೇನು? ಆಂಬುಲೆನ್ಸ್ ಗೇಟಿನಲ್ಲಿ ಡ್ರೈವರ್ ಸಮೇತ ನಿಂತಿರುತ್ತದಾ, ಇಲ್ಲ 108ಕ್ಕೆ ಫೋನ್ ಮಾಡುತ್ತೀರಾ? ಎದುರಾಳಿಯ ತೂಕ, ಅನುಭವ ಎಷ್ಟು? ವಿಮೆ ಇದೆಯಾ? 'ಏನಾದರೂ ಆದರೆ ನಾವು ಜವಾಬ್ದಾರರಲ್ಲ' ಎಂಬ ಕಾಗದಕ್ಕೆ ಸಹಿ ಕೇಳಿದರೆ ಪೆನ್ನು ಕೆಳಗಿಡಿ, ಮೊದಲು ಈ ಉತ್ತರಗಳಿಗೆ ಅವರ ಸಹಿ ಹಾಕಿಸಿಕೊಳ್ಳಿ. ಉತ್ತರ ಸಿಗದೇ ಹೋದರೆ ಚೀಟಿಯ ಫೋಟೊ ನಮಗೆ ಕಳಿಸಿ. ಆಯೋಜಕರಿಗೆ ನಾವೇ ಫೋನ್ ಮಾಡುತ್ತೇವೆ.